ಡ್ರೈವರ್ ಸೀಟಿನ ಹಿಂದೆ

ಮುದ್ದೇಬಿಹಾಳ
9 ಜೂನ್ 1997

ಸೂಗಪ್ಪಣ್ಣನವರಿಗೆ ಉಮಾಬಾಯಿಯ ಶರಣಾರ್ಥಿಗಳು.

ದೀಪಾವಳಿಗೆ ಮಾತ್ರ ಬರೆಯುವವಳು ನಡುವರ್ಷದಲ್ಲಿ ಯಾಕೆ ಬರೆದಳು ಎಂದು ಗಾಬರಿಯಾಗಬೇಡಿ. ಆರಾಮ ಇದ್ದೇನೆ. ಹೊಲಿಗೆ ಕ್ಲಾಸು ನಡೆದಿದೆ, ಈ ವರ್ಷ ಹದಿನಾಲ್ಕು ಹುಡುಗಿಯರು.

ನಮ್ಮ ಮನೆಯವರು ಓದಿದ ಹೈಸ್ಕೂಲಿನಲ್ಲಿ ಅವರ ಹೆಸರಿನ ಒಂದು ಕೋಣೆ ಮಾಡುತ್ತಿದ್ದಾರೆ. ‘ಹುತಾತ್ಮ ಶಿವಾನಂದ ಸ್ಮಾರಕ’ ಅಂತ. ಡಿಸೆಂಬರ್ ಏಳಕ್ಕೆ, ಅವರು ತೀರಿಕೊಂಡ ದಿನವೇ, ಬಾಗಿಲು ತೆರೆಯುತ್ತಾರೆ. ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಇಡಲು ಒಂದು ಪ್ಲಾಸ್ಟಿಕ್ ಟ್ಯಾಂಕು ತರಿಸಿದ್ದಾರೆ. ತುಂಡು ತುಂಡಾಗಿ ಡಬ್ಬದಲ್ಲಿ ಬಂದಿತ್ತಂತೆ. ಡ್ರಾಯಿಂಗ್ ಮಾಸ್ತರು ತಿಪ್ಪೇಸ್ವಾಮಿ ಅಂಟಿಸಿ, ಬಣ್ಣ ಬಳಿದು, ಮೊನ್ನೆ ಮನೆಗೆ ತಂದು ತೋರಿಸಿದರು. ಒಂದು ಗೇಣು ಉದ್ದ. ಎಪ್ಪತ್ತೊಂದರ ಯುದ್ಧದಲ್ಲಿ ನೀವೂ ಅವರೂ ಇದ್ದ ಬಂಡಿ ಇದೇ ಜಾತಿಯದೆಂದು ಮಿಲಿಟರಿಯವರನ್ನು ಕೇಳಿ ತಿಳಿದುಕೊಂಡಿದ್ದಾರೆ.

ನಾನು ಮೇಲಿನ ಗುಮ್ಮಟ ಎತ್ತಿ ನೋಡಿದೆ. ಒಳಗೆ ಏನೂ ಇಲ್ಲ, ಅಣ್ಣಾ. ಖಾಲಿ. “ಮಾಸ್ತರ, ಅವರು ಎಲ್ಲಿ ಕೂಡ್ತಿದ್ರು ಇದರಾಗ?” ಅಂದೆ. “ಒಳಗಿಂದು ಯಾರ ನೋಡ್ತಾರ ಬಿಡ್ರಿ ಅಕ್ಕಾರ” ಅಂದರು.

ಎಪ್ಪತ್ತೆರಡರ ಸಂಕ್ರಾಂತಿ ಮುಂದೆ ನೀವು ಅವರ ಟ್ರಂಕು ಹೊತ್ತು ಬಂದಾಗ ಒಂದೇ ಮಾತು ಹೇಳಿದಿರಿ: “ಕಣ್ಣು ಮುಚ್ಚಿ ತೆರೆಯೂದ್ರಾಗ ಆಗಿಹೋತು ತಂಗಿ, ಅವಂಗ ಏನೂ ಗೊತ್ತಾಗಲಿಲ್ಲ.” ಆ ಮಾತಿನ ಮೇಲೆ ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಹೆಚ್ಚು ಕೇಳಲಿಲ್ಲ. ಈಗ ಒಂದು ಕೇಳುತ್ತೇನೆ. ಅವರು ಕೂತ ಜಾಗ ಯಾವುದು? ಟ್ಯಾಂಕನ್ನೇ ಪಾರ್ಸೆಲ್ ಮಾಡಿದ್ದೇನೆ. ಪೆನ್ಸಿಲಿನಿಂದ ಒಂದು ಗುರುತು ಹಾಕಿ ಕಳಿಸಿದರೆ ಸಾಕು.

ನಿಮ್ಮ ತಂಗಿ
ಉಮಾಬಾಯಿ


ಉಪ್ಪಲ್, ಹೈದರಾಬಾದ್
20 ಜೂನ್ 1997

ತಂಗಿ ಉಮಾ,

ಪಾರ್ಸೆಲ್ಲು ಬಂತು. ಬಿಚ್ಚಿ ನೋಡಿ ಮೈಯೆಲ್ಲ ಉರಿಯಿತು.

ಈ ತಿಪ್ಪೇಸ್ವಾಮಿ ಎಂಬ ಮನುಷ್ಯ ಜನ್ಮದಲ್ಲಿ ಟ್ಯಾಂಕು ನೋಡಿದ್ದಾನೆಯೇ? ಗಿಳಿಹಸಿರು ಬಳಿದಿದ್ದಾನೆ. ಎಡಗಡೆಯ ಚಕ್ರಗಳ ಮೇಲಿನ ಪಟ್ಟಾ ಹಿಂದುಮುಂದಾಗಿ ಸುತ್ತಿದ್ದಾನೆ. ನನ್ನ ಕೈಕೆಳಗೆ ಇದ್ದಿದ್ದರೆ ರಾತ್ರಿಯ ಊಟ ಬಂದ್ ಮಾಡಿಸಿ ಬಿಚ್ಚಿ ಹಾಕಿಸುತ್ತಿದ್ದೆ. ಅದೂ ಹೋಗಲಿ. ಒಳಗಿನದು ಯಾರು ನೋಡುತ್ತಾರೆ ಅಂದನೇ? ನಾವು ನಾಲ್ಕು ಜನ ಒಳಗೇ ಇದ್ದೆವು. ಉಂಡದ್ದು ಒಳಗೆ, ಬೈದಾಡಿದ್ದು ಒಳಗೆ, ಬೆವರು ಸುರಿಸಿದ್ದು ಒಳಗೆ. ಅದನ್ನು ಹೊರಗಿನಿಂದ ನೋಡಿದವರು ಶತ್ರುಗಳು. ಆ ಮಾಸ್ತರನಿಗೆ ಈ ಮಾತು ಓದಿ ಹೇಳು.

ಪೆನ್ಸಿಲ್ ಗುರುತು ಹಾಕುವ ಕೆಲಸ ನನ್ನಿಂದ ಆಗದು. ಖಾಲಿ ಪ್ಲಾಸ್ಟಿಕ್ಕಿನ ಮೇಲೆ ಗುರುತು ಹಾಕಿ ಇಲ್ಲಿ ಶಿವಾನಂದ ಕೂತಿದ್ದ ಎಂದರೆ ಯಾರು ನಂಬುತ್ತಾರೆ? ಒಳಗಿನದೆಲ್ಲ ನಾನೇ ಮಾಡುತ್ತೇನೆ. ಸೀಟು, ಪೆಡಲು, ಗೇರು, ಗುಂಡಿನ ಕಪಾಟು, ವೈರು, ಎಲ್ಲ. ನೀನು ಹೂಂ ಅಂದರೂ ಸರಿ, ಉಹೂಂ ಅಂದರೂ ಸರಿ. ಡಿಪೋದಿಂದ ರಿಟೈರಾದ ಮೇಲೆ ಬಸ್ಸುಗಳ ಮೇಲೆ ರೇಗುವುದಕ್ಕೂ ಅವಕಾಶ ಇಲ್ಲದೆ ಕೂತಿದ್ದೇನೆ.

ನಾಲ್ಕನೇ ಜಮಾತಿಗೆ ಶಾಲೆ ಬಿಟ್ಟವನು ನಾನು, ಅದೂ ನಿಜಾಮರ ಕಾಲದ ಉರ್ದು ಶಾಲೆ. ಮೂವತ್ತೈದರಿಂದ ಭಾಗಿಸಿ ಅಳತೆ ತೆಗೆಯಬೇಕು ಎಂದು ಡಬ್ಬದ ಮೇಲೆ ಇದ್ದರೆ ಅದು ಮಾಸ್ತರನಿಗೇ ಇರಲಿ. ನನ್ನ ಲೆಕ್ಕ ಬೇರೆ. ಡ್ರೈವರನ ಬಾಗಿಲಲ್ಲಿ ನಾನು ಇಳಿದರೆ ಭುಜದ ಎರಡೂ ಪಕ್ಕ ಎರಡೆರಡು ಬೆರಳು ಜಾಗ ಉಳಿಯುತ್ತಿತ್ತು. ಈ ಪ್ಲಾಸ್ಟಿಕ್ ಬಾಗಿಲಲ್ಲಿ ಅದೇ ಅಂದಾಜಿನಲ್ಲಿ ಇಳಿಯುವಂಥ ಒಬ್ಬ ಆಳನ್ನು, ಹಳೆ ಬ್ಯಾಟರಿಯ ಸೀಸ ಕರಗಿಸಿ ಮಾಡಿದ್ದೇನೆ. ಬೆಂಕಿಕಡ್ಡಿಯಷ್ಟು ಎತ್ತರ. ಅವನೇ ನಾನು. ಇನ್ನು ಎಲ್ಲ ಅವನನ್ನು ಕೂರಿಸಿ ಅಳೆಯುವುದು. ಅವನ ಪಾದ ಬಂದಲ್ಲಿ ಕ್ಲಚ್ಚು, ಕೈ ಬಂದಲ್ಲಿ ಲಿವರು. ಮೂರು ಸಲ ಮಾಡಿ ಮೂರು ಸಲ ಕರಗಿಸಿದೆ, ಹೊಟ್ಟೆ ಜಾಸ್ತಿಯಾಗಿತ್ತು. ಆಗ ನನಗೆ ಹೊಟ್ಟೆ ಇರಲಿಲ್ಲ.

ಶಿವಾನಂದನನ್ನೂ ಮಾಡುತ್ತೇನೆ. ಅವನು ನನಗಿಂತ ಒಂದು ಗೇಣು ಉದ್ದ. ಅವನ ಮೊಣಕಾಲು ನನಗೆ ನೆನಪಿದೆ. ನಾಲ್ಕು ವರ್ಷ ನನ್ನ ಬೆನ್ನಿಗೆ ತಾಗುತ್ತಿತ್ತು.

ಸೂಗಪ್ಪ


ಉಪ್ಪಲ್
14 ಜುಲೈ 1997

ತಂಗಿ ಉಮಾ,

ನಿನ್ನ ಕಾಗದಕ್ಕೆ ಕಾಯದೆ ಬರೆಯುತ್ತಿದ್ದೇನೆ. ಕಾಯುತ್ತ ಕೂತರೆ ಅಂಚೆಯವನ ಮೇಲೆ ಸಿಟ್ಟು ಬರುತ್ತದೆ.

ನೆಲ ಆಯಿತು. ಪೌಡರ್ ಡಬ್ಬಿಯ ತಗಡು. ಎರಡು ಲಿವರು ಗುಂಡುಸೂಜಿಯವು, ತಲೆ ಕಡಿದು ಹಿಡಿಕೆ ಸುತ್ತಿದ್ದು. ಕೆಟ್ಟ ಫ್ಯಾನಿನ ಮೋಟಾರಿನೊಳಗಿನ ತಾಮ್ರದ ತಂತಿ ಪೈಪುಗಳಾದವು. ಮೀಟರುಗಳಿಗೆ ಕ್ಯಾಲೆಂಡರಿನ ತೀರ ಸಣ್ಣ ಅಂಕಿಗಳನ್ನು ಮೊಳೆಯಿಂದ ಹೊಡೆದು ತೆಗೆದೆ. ಜುಲೈ ತಿಂಗಳು ಪೂರಾ ತೂತು. “ಏಕಾದಶಿ ಯಾವತ್ತಂತ ಇನ್ನ ನಿಮ್ಮ ಟ್ಯಾಂಕಿಗೇ ಕೇಳಬೇಕು” ಎನ್ನುತ್ತಾಳೆ ನಮ್ಮ ಮನೆಯಾಕೆ ಶರಣಬಸಮ್ಮ.

ಗುಂಡಿಗೆ ಹಿತ್ತಾಳೆಯ ರೀಫಿಲ್ಲು ಬೇಕಾಗಿತ್ತು. ಸುಲ್ತಾನ್ ಬಜಾರಿನ ಪೆನ್ನಿನ ಅಂಗಡಿಯಲ್ಲಿ ಬರೆದು ಮುಗಿದ ರೀಫಿಲ್ಲು ಒಂದು ಮುಷ್ಟಿ ಕೊಡು ಎಂದೆ. “ಕ್ಯಾ ಚಾಚಾ, ಇಮ್ತಿಹಾನ್ ದೇ ರೈಂ ಕ್ಯಾ?” ಎಂದು ಹಲ್ಲು ಕಿರಿದ. ಈ ವಯಸ್ಸಿನಲ್ಲಿ ಪರೀಕ್ಷೆಗೆ ಕೂಡುತ್ತೇನಂತೆ! “ಹೌದು, ನೀನೇ ಪೇಪರ್ ತಿದ್ದು” ಎಂದು ಗಲ್ಲಾ ಮೇಲೆ ಗುದ್ದಿದೆ. ಕೊಟ್ಟ. ಕತ್ತರಿಸಿ, ತುದಿ ಮಸೆದು, ಒಂದೊಂದಾಗಿ ಕಪಾಟಿಗೆ ಸೇರಿಸಿದೆ. ಶಿವಾನಂದನ ಕೆಲಸ ಅದೇ ಆಗಿತ್ತು: ಗುಂಡು ಎತ್ತುವುದು, ತೋಪಿನ ಹಿಂಬದಿಯಿಂದ ಒಳಗೆ ತಳ್ಳುವುದು. ಒಂದೊಂದು ಗುಂಡು ಎಳೆಗರುವಿನ ತೂಕ. ತಳ್ಳಿದ ಮೇಲೆ “ತಯಾರ” ಎಂದು ಕೂಗುತ್ತಿದ್ದ. ಕಮಾಂಡರ್ ಪಂಜಾಬಿ, ಗನ್ನರ್ ಪಂಜಾಬಿ, ಅವರಿಗೆ ಹಿಂದಿಯಲ್ಲಿ ಒಮ್ಮೆ ಹೇಳಿ ನನಗೆ ಕನ್ನಡದಲ್ಲಿ ಮತ್ತೊಮ್ಮೆ ಹೇಳುತ್ತಿದ್ದ.

ಈ ಕನ್ನಡ ಅಕ್ಷರ ನನಗೆ ಕಲಿಸಿದವನೂ ಅವನೇ. ನಾನು ಡ್ರೈವರ್ ಸೀಟಿನಲ್ಲಿ, ಅವನು ಹಿಂದೆ. ಕಬ್ಬಿಣದ ಗೋಡೆಯ ಮೇಲೆ ಚಾಕ್ ಪೀಸಿನಿಂದ ಬರೆದು ಒರೆಸಿ, ಮತ್ತೆ ಬರೆಸಿ. ನಾನು ಅವನಿಗಿಂತ ಎಂಟು ವರ್ಷ ದೊಡ್ಡವನು. ತಪ್ಪಾದರೆ ತಲೆಗೆ ಮೊಟಕುತ್ತಿದ್ದ, ಬದ್ಮಾಶ್.

ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಎಲ್ಲ ಸಾಮಾನು ಅದರದರ ಜಾಗದಲ್ಲಿ ಕೂತ ಮೇಲೆಯೇ ಧೂಳು ಹಾಕುವುದು. ದೀಪದ ಮಸಿ, ಇಟ್ಟಿಗೆ ಪುಡಿ, ಗೋಂದಿನ ನೀರು. ಧೂಳು ಸಾಮಾನಿನ ಮೇಲೆ, ಸುತ್ತ, ಸಂದಿಯಲ್ಲಿ ಬರುತ್ತದೆಯೇ ಹೊರತು ಮೊದಲೇ ಬಂದು ಕೆಳಗೆ ಕೂಡುವುದಿಲ್ಲ. ಅಂಗಡಿಯಿಂದ ತಂದ ಬೊಂಬೆಗಳಿಗೆಲ್ಲ ಮೊದಲೇ ಬಣ್ಣ ಬಳಿದಿರುತ್ತಾರೆ. ಸುಳ್ಳು ಅಲ್ಲೇ ಗೊತ್ತಾಗುತ್ತದೆ.

ಶರಣಬಸಮ್ಮ ಮೂರು ದಿನದಿಂದ ಮನೆಯಲ್ಲಿಲ್ಲ. ರೊಟ್ಟಿ ತಿನ್ನಬೇಕು ಅನ್ನಿಸಿದಾಗ ಬೇಗಂ ಬಜಾರಿನ ತಮ್ಮನ ಮನೆಗೆ ಹೋಗುತ್ತಾಳೆ. ನಮ್ಮ ಮನೆಯಲ್ಲಿ ಅನ್ನವೇ. ರೊಟ್ಟಿ ಬಡಿಯುವ ಸಪ್ಪಳ ನನಗೆ ಆಗಿಬರುವುದಿಲ್ಲ, ತಲೆ ಸಿಡಿಯುತ್ತದೆ.

ಸೂಗಪ್ಪ


ಮುದ್ದೇಬಿಹಾಳ
25 ಜುಲೈ 1997

ಸೂಗಪ್ಪಣ್ಣನವರಿಗೆ ಶರಣು.

ನಿಮ್ಮ ಕಾಗದ ಕ್ಲಾಸಿನ ಹುಡುಗಿಯರಿಗೂ ಓದಿ ತೋರಿಸಿದೆ. ರೀಫಿಲ್ಲಿನ ಗುಂಡು ಕೇಳಿ ಬಿದ್ದು ಬಿದ್ದು ನಕ್ಕರು. ಆಮೇಲೆ ಹುಡುಕಿ ಹನ್ನೊಂದು ರೀಫಿಲ್ಲು ತಂದು ಕೊಟ್ಟಿದ್ದಾರೆ. ಜೊತೆಗೆ ಇಟ್ಟಿದ್ದೇನೆ. ತಿಪ್ಪೇಸ್ವಾಮಿ ಮಾಸ್ತರಿಗೂ ಓದಿ ಹೇಳಿದೆ. ಪಟ್ಟಾದ ಮಾತಿಗೆ ಬಹಳ ನೊಂದುಕೊಂಡರು.

ಎಲ್ಲ ಬರೆದಿರಿ. ನನ್ನ ಡಬ್ಬಿಯ ಸುದ್ದಿಯೇ ಇಲ್ಲವಲ್ಲ?

ಮರೆತಿರಬೇಕು. ಆ ವರ್ಷ ದೀಪಾವಳಿ ಆದಮೇಲೆ ನಾನು ಜೋಳದ ಗರಿಗರಿ ಕಟಕ ರೊಟ್ಟಿ ಮಾಡಿ, ಚೌಕನೆಯ ಎಣ್ಣೆ ಡಬ್ಬಿಗೆ ಮುಚ್ಚಳ ಮಾಡಿಸಿ, ಅರಿವೆ ಹೊಲಿದು ಕಳಿಸಿದ್ದೆ. ತೊಂಬತ್ತು ರೊಟ್ಟಿ, ಶೇಂಗಾ ಚಟ್ನಿ. ಮದುವೆಯಾಗಿ ಎರಡೇ ವರ್ಷ. ಕೈಯಾರೆ ಮಾಡಿ ಅವರಿಗೆ ಉಣಿಸಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಅವರು ಉತ್ತರ ಬರೆದಿದ್ದರು, ಈಗಲೂ ನನ್ನ ಹತ್ತಿರ ಇದೆ. ಹಾಗೇ ಇಳಿಸುತ್ತೇನೆ:

“ಡಬ್ಬಿ ಮುಟ್ಟಿತು. ಒಂದು ರೊಟ್ಟಿಯೂ ಮುರಿದಿಲ್ಲ. ಇಷ್ಟು ದೊಡ್ಡ ಡಬ್ಬಿ ಬಂಡಿಯಲ್ಲಿ ಎಲ್ಲಿ ಇಡುವುದು ಎಂದು ನಾನು ಅಂದರೆ, ಇಂಥಾ ರೊಟ್ಟಿಗೆ ಜಾಗ ಇಲ್ಲಂದ್ರ ಗುಂಡು ಇಳಿಸಿ ಇಡ್ತೀನಿ ಎಂದು ಸೂಗಣ್ಣ ಜಾಗ ಮಾಡಿಯೇ ಬಿಟ್ಟ.”

ಜಾಗ ಮಾಡಿದವರು ನೀವೇ. ಆ ಡಬ್ಬಿಯನ್ನೂ ಮಾಡಿ, ಅದೇ ಜಾಗದಲ್ಲಿ ಇಡಿ. ಆ ಬಂಡಿಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಉಮಾಬಾಯಿ


ಉಪ್ಪಲ್
2 ಆಗಸ್ಟ್ 1997

ಉಮಾ,

ಡಬ್ಬಿ ಗಿಬ್ಬಿ ಏನೂ ಇಲ್ಲ. ರೊಟ್ಟಿ ಎಂಟು ದಿನದಲ್ಲಿ ತಿಂದು ಮುಗಿಯಿತು. ಖಾಲಿ ಡಬ್ಬಿ ಯಾರೋ ನೀರಿಗೆ ಒಯ್ದರು.

ನಾನು ಯುದ್ಧದ ಬಂಡಿ ಮಾಡುತ್ತಿದ್ದೇನೆ, ಅಡಿಗೆಮನೆ ಮಾಡುತ್ತಿಲ್ಲ. ಇವತ್ತು ಡಬ್ಬಿ ಅನ್ನುತ್ತೀ, ನಾಳೆ ಚಟ್ನಿಯ ಭರಣಿ ಅನ್ನುತ್ತೀ. ಹಾಗಿದ್ದರೆ ನಿನ್ನ ಮಾಸ್ತರನ ಕೈಯಿಂದಲೇ ಮಾಡಿಸಿಕೋ. ಹುಡುಗಿಯರ ರೀಫಿಲ್ಲು ಪ್ಲಾಸ್ಟಿಕ್ಕಿನವು, ಕೆಲಸಕ್ಕೆ ಬಾರವು.

ಸೂಗಪ್ಪ


ಮುದ್ದೇಬಿಹಾಳ
11 ಆಗಸ್ಟ್ 1997

ಸೂಗಪ್ಪಣ್ಣನವರಿಗೆ,

ನಿಮ್ಮ ಸಿಟ್ಟು ನನಗೆ ಹೊಸದಲ್ಲ. ನಮ್ಮ ಮನೆಯವರು ಪ್ರತಿ ಕಾಗದದಲ್ಲೂ ಬರೆಯುತ್ತಿದ್ದರು, ಸೂಗಣ್ಣ ಇವತ್ತು ಇಂಥವರ ಮೇಲೆ ಹರಿಹಾಯ್ದ ಅಂತ. ಆದರೆ ನೀವು ಬರೆದದ್ದು ಸರಿಯಿಲ್ಲ. ಅವರ ಕೊನೆಯ ಕಾಗದ ಡಿಸೆಂಬರ್ ನಾಲ್ಕರದು. “ಇನ್ನೂ ಅರ್ಧ ಡಬ್ಬಿ ಇದೆ, ಸೂಗಣ್ಣ ಕೀಲಿ ಹಾಕದ ಖಜಾನೆಯ ಹಾಗೆ ಕಾಯುತ್ತಾನೆ” ಎಂದು ಅದರಲ್ಲಿದೆ. ಮೂರು ದಿನದಲ್ಲಿ ಅರ್ಧ ಡಬ್ಬಿ ರೊಟ್ಟಿ ನಾಲ್ಕು ಜನ ತಿಂದು ಮುಗಿಸಿದಿರಾ?

ನಿಮಗೆ ವಯಸ್ಸಾಯಿತು, ಮರೆತಿದ್ದೀರಿ. ತಪ್ಪಿಲ್ಲ. ಅಳತೆ ನೆನಪಿಲ್ಲವೆಂದು ಬೇಡ ಅನ್ನುತ್ತಿದ್ದರೆ ಅದಕ್ಕೂ ದಾರಿ ಇದೆ. ಅವತ್ತು ಒಂದೇ ಅಂಗಡಿಯಿಂದ ಜೋಡಿ ಡಬ್ಬಿ ತಂದಿದ್ದೆ. ಒಂದು ನಿಮ್ಮ ಹತ್ತಿರ ಬಂತು, ಇನ್ನೊಂದರಲ್ಲಿ ಇವತ್ತಿಗೂ ಜೋಳದ ಹಿಟ್ಟು ಇಡುತ್ತೇನೆ. ಅದರ ಅಳತೆಗೆ ಎರಡು ದಾರ ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಕೆಂಪು ಎತ್ತರದ್ದು, ಬಿಳಿ ಅಗಲದ್ದು. ನಿಮ್ಮ ಸೀಸದ ಆಳಿನ ಕೈಯಲ್ಲಿ ಕೊಡಿ, ಅವನು ಅಳೆದುಕೊಳ್ಳುತ್ತಾನೆ.

ಇಷ್ಟು ಮಾಡಿ ಕೊಡಿ ಅಣ್ಣಾ. ಮತ್ತೇನೂ ಕೇಳುವುದಿಲ್ಲ.

ಉಮಾಬಾಯಿ


ಉಪ್ಪಲ್
29 ಸೆಪ್ಟೆಂಬರ್ 1997

ತಂಗಿ ಉಮಾ,

ಏಳು ವಾರ ಯಾಕೆ ಬರೆಯಲಿಲ್ಲ ಎಂದು ಕೇಳಬೇಡ. ಕೆಲಸ ಇತ್ತು.

ಬಂಡಿ ಮುಗಿಯಿತು. ರೈಲಿಗೆ, ಅಂಚೆಗೆ ಕೊಡುವ ಧೈರ್ಯ ಇಲ್ಲ. ತಾಳಿಕೋಟೆ ಕಡೆಗೆ ಹೋಗುವ ಲಾರಿಯ ಡ್ರೈವರ್ ಮಲ್ಲಪ್ಪ ನನ್ನ ಕೈಯಲ್ಲಿ ಕೆಲಸ ಕಲಿತವನು. “ಒಂದು ತಂತಿ ಅಲುಗಿದರೂ ನಿನ್ನ ಲಾರಿಗೆ ಬ್ರೇಕ್ ಇಲ್ಲದ ಹಾಗೆ ಮಾಡ್ತೀನಿ” ಎಂದು ಹೇಳಿ ಕಳಿಸಿದ್ದೇನೆ. ಮೆತ್ತನೆಯ ಅರಳೆಯಲ್ಲಿ ಇದೆ.

ಗುಮ್ಮಟವನ್ನು ನೆಟ್ಟಗೆ ಮೇಲಕ್ಕೆ ಎತ್ತು, ತಿರುವಬೇಡ. ಎತ್ತಿದಾಗ ಬಲಗಡೆ ನಿಂತಿರುವವನು ಶಿವಾನಂದ. ಕೈಯಲ್ಲಿ ಗುಂಡು ಇದೆ. ಅವನ ತಲೆಯ ಮೇಲೆ ಅವನ ಬಾಗಿಲು. ಎಡಗಡೆ ಮುಂದೆ ಗನ್ನರ್, ಅವನ ಹಿಂದೆ ಕಮಾಂಡರ್, ಅವರಿಬ್ಬರಿಗೂ ಒಂದೇ ಬಾಗಿಲು. ಮುಂದೆ ತಗ್ಗಿನಲ್ಲಿ ಒಬ್ಬನೇ ಕೂತವನು ನಾನು. ಮುಖ ಯಾರಿಗೂ ಇಲ್ಲ. ಮುಖ ಮಾಡಲು ನನಗೆ ಬರುವುದಿಲ್ಲ, ಬಂದಿದ್ದರೂ ಮಾಡುತ್ತಿರಲಿಲ್ಲ.

ನಿನ್ನ ಹಟದ ಡಬ್ಬಿಯನ್ನೂ ಮಾಡಿದ್ದೇನೆ. ದಾರ ಸರಿಯಾಗಿತ್ತು. ಅದು ಒಳಗಿಲ್ಲ, ಗುಮ್ಮಟದ ಹಿಂದೆ ಹೊರಗಡೆ ಸಾಮಾನಿನ ಪೆಟ್ಟಿಗೆ ಇದೆಯಲ್ಲ, ಅದರಲ್ಲಿ ಅಂಟಿಸಿದ್ದೇನೆ. ಅಲ್ಲೇ ಇದ್ದದ್ದು. ಈ ವಿಷಯ ಇಲ್ಲಿಗೆ ಮುಗಿಯಿತು.

ಪಟ್ಟಾ ಬಿಚ್ಚಿ ಸರಿಯಾಗಿ ಹಾಕಿದ್ದೇನೆ. ಬಣ್ಣವನ್ನೂ ಬದಲಾಯಿಸಿದ್ದೇನೆ. ಮಾಸ್ತರ ನೊಂದುಕೊಳ್ಳಲಿ.

ಸೂಗಪ್ಪ


ಮುದ್ದೇಬಿಹಾಳ
12 ಅಕ್ಟೋಬರ್ 1997

ಸೂಗಪ್ಪಣ್ಣನವರಿಗೆ,

ಮಲ್ಲಪ್ಪ ತೊಟ್ಟಿಲ ಕೂಸಿನ ಹಾಗೆ ಎತ್ತಿಕೊಂಡು ಬಂದು ಕೊಟ್ಟ.

ಗುಮ್ಮಟ ಎತ್ತಿ ಮೊದಲನೆಯ ದಿನ ಅವರನ್ನಷ್ಟೇ ನೋಡಿದೆ. ಎರಡನೆಯ ದಿನ ಮಾಸ್ತರು ಬಂದು ನೋಡಿ, ಚಪ್ಪಲಿ ಬಿಟ್ಟು ಕೂತರು. ಮೂರನೆಯ ದಿನ ನಾನು ಸೂಜಿಗೆ ದಾರ ಪೋಣಿಸುವಾಗ ಹಿಡಿಯುವ ಭೂತಗನ್ನಡಿ ತಂದು ನೋಡಿದೆ.

ಅಣ್ಣಾ, ನಾನು ಹೊಲಿಗೆಯವಳು. ಜೇಬು ಬಿಚ್ಚಿ ತೆಗೆದ ಹಳೆ ಅಂಗಿ ಕೊಟ್ಟರೆ ಅಲ್ಲಿ ಜೇಬು ಇತ್ತು ಎಂದು ಹೇಳಬಲ್ಲೆ. ಸುತ್ತಲಿನ ಬಟ್ಟೆ ಮಾಸಿರುತ್ತದೆ, ಜೇಬಿನಡಿ ಹೊಸದಾಗಿರುತ್ತದೆ.

ನಿಮ್ಮ ಬಂಡಿಯ ನೆಲವೆಲ್ಲ ಮಸಿ, ಧೂಳು. ನಿಮ್ಮ ಸೀಟಿನ ಹಿಂದೆ ಮಾತ್ರ ಅಂಗಿಯ ಸಣ್ಣ ಗುಂಡಿಯಷ್ಟು ಜಾಗ ತೊಳೆದಿಟ್ಟ ಹಾಗಿದೆ. ಸರಿಯಾಗಿ ಆಯತ. ಹೊರಗಿನ ಪೆಟ್ಟಿಗೆಯಿಂದ ಡಬ್ಬಿಯನ್ನು ಬಿಡಿಸಿ ಅಲ್ಲಿ ಮಲಗಿಸಿದೆ. ಒಂದು ಕೂದಲು ಹೆಚ್ಚಿಲ್ಲ, ಕಡಿಮೆ ಇಲ್ಲ. ಎಲ್ಲವನ್ನೂ ಜಾಗದಲ್ಲಿ ಇಟ್ಟ ಮೇಲೆಯೇ ಧೂಳು ಹಾಕುತ್ತೇನೆ ಎಂದು ನೀವೇ ಬರೆದಿದ್ದೀರಿ.

ಡಬ್ಬಿ ತೆಗೆದು ಮತ್ತೆ ನೋಡಿದೆ. ಅದರಡಿ ನೆಲದಲ್ಲಿ ಗೆರೆ ಇದೆ. ಒಂದು ಹಿಡಿಕೆಯೂ ಇದೆ. ಅದು ಬಾಗಿಲು ತಾನೇ? ನೆಲದಲ್ಲಿ ಬಾಗಿಲು ಯಾಕೆ? ಯಾರು ಹೋಗುವ ಬಾಗಿಲು?

ಊರಿನಲ್ಲಿ ರಿಟೈರಾದ ಫೌಜಿಗಳಿದ್ದಾರೆ, ಅವರನ್ನು ಕೇಳಬಹುದು. ಅವರನ್ನು ಕೇಳುವುದಿಲ್ಲ. ನೀವೇ ಹೇಳಬೇಕು.

ಉಮಾಬಾಯಿ


ಮುದ್ದೇಬಿಹಾಳ
30 ಅಕ್ಟೋಬರ್ 1997

ಸೂಗಪ್ಪಣ್ಣನವರಿಗೆ,

ಹದಿನೆಂಟು ದಿನವಾಯಿತು. ಸಿಟ್ಟು ಮಾಡಿಯಾದರೂ ನಾಲ್ಕು ಸಾಲು ಬರೆಯುತ್ತಿದ್ದಿರಿ. ಈಗ ಅದೂ ಇಲ್ಲ.

ಇವತ್ತು ಫಲಕ ಕೆತ್ತುವವರು ಬಂದಿದ್ದರು. “ಕ್ಷಣಾರ್ಧದಲ್ಲಿ ವೀರಮರಣ ಹೊಂದಿದ” ಎಂದು ಬರೆದುಕೊಂಡು ಬಂದು ನನ್ನ ಸಹಿ ಕೇಳಿದರು. ನಾನೇ ಅವರಿಗೆ ಹೇಳಿದ್ದ ಮಾತು, ನೀವು ನನಗೆ ಹೇಳಿದ್ದು. ಸಹಿ ಹಾಕಲಿಲ್ಲ. ಹಾಕಲೋ ಬೇಡವೋ?

ಉಮಾಬಾಯಿ


ಉಪ್ಪಲ್
8 ನವೆಂಬರ್ 1997

ಉಮಾಬಾಯಿಯವರಿಗೆ,

ತಂಗಿ ಎಂದು ಬರೆದು ಹೊಡೆದುಹಾಕಿದೆ. ಇದನ್ನು ಓದಿದ ಮೇಲೂ ಹಾಗೆ ಕರೆಸಿಕೊಳ್ಳುವ ಮನಸ್ಸು ನಿಮಗೆ ಇರುತ್ತದೋ ಇಲ್ಲವೋ ಗೊತ್ತಿಲ್ಲ.

ಸಹಿ ಹಾಕಬೇಡಿ.

ಹೌದು, ಅದು ಬಾಗಿಲು. ಮೇಲಿನ ಬಾಗಿಲುಗಳು ಕೈಕೊಟ್ಟರೆ ಬಂಡಿಯ ಹೊಟ್ಟೆಯ ಕೆಳಗೆ ಇಳಿದು ತೆವಳಿ ಹೋಗುವುದಕ್ಕೆ ಇಟ್ಟದ್ದು. ಒಳಗಿನಿಂದ ಮಾತ್ರ ತೆರೆಯುತ್ತದೆ, ಒಳಮುಖವಾಗಿ ಮೇಲಕ್ಕೆ ಎತ್ತಬೇಕು. ಅದರ ಮೇಲೆ ಒಂದು ಚಿಂದಿಯನ್ನೂ ಇಡಬಾರದು ಎಂದು ಕಾನೂನು. ಡ್ರೈವರನಿಗೆ ಮೊದಲನೆಯ ದಿನ ಕಲಿಸುವುದೇ ಅದು. ನಾನು ಹೊಸಬರಿಗೆ ಕಲಿಸುತ್ತಿದ್ದೆ, ಬೈದು ಬೈದು.

ನಿಮ್ಮ ಡಬ್ಬಿಯನ್ನು ನಾನು ಅದರ ಮೇಲೆ ಇಟ್ಟೆ. ರಾತ್ರಿ ಒಳಗಿದ್ದರೂ ಹಗಲು ಹೊರಗಿನ ಪೆಟ್ಟಿಗೆಯಲ್ಲಿ ಇಡಬೇಕೆಂದು ಕಮಾಂಡರನ ಹುಕುಂ ಇತ್ತು. ಆರನೇ ತಾರೀಖಿನವರೆಗೆ ಹಾಗೇ ಮಾಡಿದೆ. ಏಳನೆಯ ಬೆಳಿಗ್ಗೆ ಮಂಜು ಬಿದ್ದಿತ್ತು. ಪಂಜಾಬಿನ ಮಂಜು, ಬಟ್ಟೆ ಹಿಂಡಿದರೆ ನೀರು ಬರುತ್ತದೆ. ಶಿವಾನಂದ ಕೇಳಿದ: “ಅಣ್ಣಾ, ಡಬ್ಬಿ ಹೊರಗ ಇಡ್ಲೇನು?” ನಾನು ಅಂದೆ: “ಸುಮ್ಮ ಕೂಡ್ರಲೇ. ಥಂಡಿಗೆ ರೊಟ್ಟಿ ಮೆತ್ತಗಾದ್ರ ಯಾರ ತಿನ್ನಬೇಕು, ನಿಮ್ಮಪ್ಪ?” ಅವನು ನಕ್ಕ. “ಉಮಾ ಕಳಿಸ್ಯಾಳ ಅಂತ ನನಗಿಂತ ನಿನಗ ಜಾಸ್ತಿ ಕಾಳಜಿ ಆಗೇತಿ” ಅಂದ. ಅದೇ ನಾವು ಆಡಿದ ಕೊನೆಯ ಮಾತು. ಆಮೇಲೆ ಬರೀ ಹುಕುಂ.

ಪಂಜಾಬಿಗಳಿಗೆ ಆ ರೊಟ್ಟಿ ಮೆತ್ತಗಿದ್ದರೂ ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಾಗುತ್ತಿತ್ತು. ಮುರಿದರೆ ಟಕ್ ಅನ್ನಬೇಕು. ಅದಕ್ಕಾಗಿ.

ಹತ್ತು ಗಂಟೆಗೆ ಏಟು ಬಿತ್ತು, ಬಲಗಡೆ ಗುಮ್ಮಟಕ್ಕೆ. ಶಿವಾನಂದನ ತಲೆಯ ಮೇಲಿನ ಬಾಗಿಲು ಸೊಟ್ಟಗಾಗಿ ಕಚ್ಚಿಕೊಂಡಿತು. ಎಡಗಡೆಯ ಬಾಗಿಲಲ್ಲಿ ಅರ್ಧ ಹೊರಗೆ ಬಂದಿದ್ದ ಕಮಾಂಡರ್ ಅಲ್ಲೇ ಸತ್ತು ಸಿಕ್ಕಿಕೊಂಡ. ಗನ್ನರ್ ಕೂತಲ್ಲೇ ಹೋದ. ನಾನು ನನ್ನ ಬಾಗಿಲಿನಿಂದ ಹೊರಬಿದ್ದೆ. ಶಿವಾನಂದ ಜೀವಂತ ಇದ್ದ. ಅವನಿಗೆ ಉಳಿದದ್ದು ನನ್ನ ಸೀಟಿನ ಹಿಂದಿನ ಜಾಗ ಒಂದೇ. ಸೀಟಿನ ಬೆನ್ನು ಮಡಚಿದರೆ ನನ್ನ ಬಾಗಿಲು, ನೆಲದ ಹಿಡಿಕೆ ಎತ್ತಿದರೆ ಕೆಳಗಿನ ಬಾಗಿಲು. ಕಪಾಟಿನಿಂದ ಗುಂಡುಗಳು ಉರುಳಿ ಡಬ್ಬಿಯನ್ನು ಸೀಟಿಗೆ ಒತ್ತಿ ಕೂರಿಸಿದ್ದವು. ಸೀಟೂ ಮಡಚಲಿಲ್ಲ, ಹಿಡಿಕೆಯೂ ಕೈಗೆ ಸಿಗಲಿಲ್ಲ.

ನಾನು ಮುಂದಿನಿಂದ ಕೈ ಹಾಕಿ ಡಬ್ಬಿ ಎಳೆದೆ. ಅಂಚು ಅಂಗೈ ಸೀಳಿತು, ಡಬ್ಬಿ ಬರಲಿಲ್ಲ. ಆ ಗಾಯ ಡಿಪೋದಲ್ಲಿ ಆದದ್ದೆಂದು ಶರಣಬಸಮ್ಮನಿಗೂ ಸುಳ್ಳು ಹೇಳಿದ್ದೇನೆ. ಹೊಗೆ ಬಂತು, ಮುಖ ಇಡಲು ಆಗಲಿಲ್ಲ. ಬಂಡಿಯ ಕೆಳಗೆ ತೆವಳಿ ಹೋಗಿ ಆ ಬಾಗಿಲಿನ ಕೆಳಗೆ ಬೆನ್ನ ಮೇಲೆ ಮಲಗಿ, ಹೊರಗಿನಿಂದ ತಳ್ಳಿದೆ, ಗುದ್ದಿದೆ. ಮೇಲಿನಿಂದ ಅವನು ಬಡಿದ. ಅಂಗೈಯಿಂದ. ತಾಳ ತಪ್ಪದ ಹಾಗೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾರಲ್ಲ, ಥೇಟು ಅದೇ ಸಪ್ಪಳ. ಎಷ್ಟು ಹೊತ್ತು ಎಂದು ಮಾತ್ರ ಕೇಳಬೇಡಿ.

ಆಮೇಲೆ ನಿಂತಿತು. ಬೇರೆ ಬಂಡಿಯವರು ನನ್ನ ಕಾಲು ಹಿಡಿದು ಎಳೆದು ಹಾಕಿದರು.

ನಿಮ್ಮ ಮನೆಗೆ ಟ್ರಂಕು ತಂದ ದಿನ ಹೇಳಬೇಕೆಂದೇ ಬಂದಿದ್ದೆ. ಒಳಗೆ ಬಂದಾಗ ನೀವು ಮೂಲೆಯಲ್ಲಿ ಕೂತಿದ್ದಿರಿ, ಪಕ್ಕದಲ್ಲಿ ಆ ಜೋಡಿ ಡಬ್ಬಿ. ಇಪ್ಪತ್ತೊಂದು ವರ್ಷದ ಹುಡುಗಿ. ನನ್ನ ರೊಟ್ಟಿಯಿಂದ ಹೀಗಾಯಿತು ಎಂದುಕೊಂಡರೆ ಈಕೆ ಬದುಕುತ್ತಾಳೆಯೇ ಅನ್ನಿಸಿತು. ಬಾಯಿಗೆ ಬಂದ ಸುಳ್ಳು ಹೇಳಿದೆ. ಅದು ನಿಮಗಾಗಿ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಈ ಬಂಡಿ ಮಾಡುವಾಗ ಗೊತ್ತಾಯಿತು, ಅರ್ಧ ನನಗಾಗಿ.

ಡಬ್ಬಿ ಮಾಡಿ ಅದರ ಜಾಗದಲ್ಲೇ ಇಟ್ಟಿದ್ದೆ. ಧೂಳೂ ಹಾಕಿದೆ. ಪ್ಯಾಕ್ ಮಾಡುವ ದಿನ ಕೈ ತಡೆಯಲಿಲ್ಲ. ಚಿಮಟದಿಂದ ಕಿತ್ತು ಹೊರಗಿನ ಪೆಟ್ಟಿಗೆಗೆ ಅಂಟಿಸಿದೆ. ಅವತ್ತು ಬೆಳಿಗ್ಗೆ ಎಲ್ಲಿ ಇಡಬೇಕಾಗಿತ್ತೋ ಅಲ್ಲಿ. ಕೆಳಗಿನ ಜಾಗಕ್ಕೆ ಮಸಿ ಬಳಿಯಲು ಕುಂಚ ತೆಗೆದುಕೊಂಡೆ. ಅದೊಂದು ನನ್ನಿಂದ ಆಗಲಿಲ್ಲ.

ನಿಮ್ಮ ಮೇಲೆ ರೇಗಿದ್ದಕ್ಕೆ ಕ್ಷಮಿಸಿ ಎಂದು ಬರೆಯುವುದಿಲ್ಲ. ಆ ಮಾತು ಸಣ್ಣದಾಗುತ್ತದೆ. ಫಲಕದ ಮೇಲೆ ಏನು ಬೇಕಾದರೂ ಬರೆಸಿ, ನನ್ನ ಹೆಸರನ್ನೂ ಬರೆಸಿ. ಇಂಥವನು ಬಾಗಿಲ ಮೇಲೆ ಸಾಮಾನು ಇಟ್ಟ ಅಂತ.

ಸೂಗಪ್ಪ


ಮುದ್ದೇಬಿಹಾಳ
19 ನವೆಂಬರ್ 1997

ಅಣ್ಣಾ,

ಕಾಗದ ಹದಿಮೂರಕ್ಕೆ ಬಂತು. ಆರು ದಿನ ಬೇಕಾಯಿತು. ಎರಡು ಸಲ ಬರೆದು ಹರಿದೆ. ಆ ಎರಡರಲ್ಲೂ ನಿಮಗೆ ಅನ್ನಬಾರದ ಮಾತು ಅಂದಿದ್ದೆ. ಹರಿದೆ ಎಂದ ಮಾತ್ರಕ್ಕೆ ಅನ್ನಲಿಲ್ಲ ಎಂದು ತಿಳಿಯಬೇಡಿ.

ಡಬ್ಬಿ ಕಳಿಸಿದವಳು ನಾನು. ಇಟ್ಟವರು ನೀವು. ಇಟ್ಟದ್ದನ್ನು ಕಂಡು ನಕ್ಕವರು ಅವರು. ಅದನ್ನು ಪಾಲು ಮಾಡುತ್ತ ಕೂಡುವ ಕೆಲಸ ನಿಮಗೆ ಇಪ್ಪತ್ತೈದು ವರ್ಷ ಹಿಡಿದಿದೆ. ನನಗೆ ಅಷ್ಟು ವೇಳೆ ಇಲ್ಲ.

ನನ್ನ ಸಿಟ್ಟು ಬೇರೆ. ಅವರಿಗೆ ಏನೂ ಗೊತ್ತಾಗಲಿಲ್ಲ ಎಂದು ನೀವು ಹೇಳಿದ ದಿನದಿಂದ ನಾನು ಪ್ರತಿ ಸೋಮವಾರ ಗುಡಿಗೆ ಹೋಗಿ ಕಾಯಿ ಒಡೆಸಿದ್ದೇನೆ. ನೋವಿಲ್ಲದೆ ಒಯ್ದೆಯಲ್ಲಪ್ಪ, ಅಷ್ಟಾದರೂ ಮಾಡಿದೆ ಅಂತ. ಇಪ್ಪತ್ತೈದು ವರ್ಷ. ಅಲ್ಲಿ ಅವರು ಬಡಿದಿದ್ದರು, ಇಲ್ಲಿ ನಾನು ಕಾಯಿ ಒಡೆಸುತ್ತಿದ್ದೆ. ನಾನು ಬದುಕುತ್ತೇನೋ ಇಲ್ಲವೋ ಎಂದು ನಿರ್ಧಾರ ಮಾಡಲು ನೀವು ಯಾರು? ಹದಿನಾಲ್ಕು ಹುಡುಗಿಯರಿಗೆ ವರ್ಷ ವರ್ಷ ಕತ್ತರಿ ಹಿಡಿಯುವುದನ್ನು ಕಲಿಸುವವಳು ನಾನು. ಅವರು ಬಡಿದದ್ದನ್ನು ಕೇಳಿದವರು ಲೋಕದಲ್ಲಿ ನೀವೊಬ್ಬರೇ. ಅದನ್ನೂ ಒಬ್ಬರೇ ಇಟ್ಟುಕೊಂಡಿರಿ.

ಫಲಕದಲ್ಲಿ ಅವರ ಹೆಸರು, ಎರಡು ತಾರೀಖು, ಅಷ್ಟೇ ಕೆತ್ತಿಸುತ್ತಿದ್ದೇನೆ. ನಿಮ್ಮ ಹೆಸರು ಹಾಕಿಸುವುದಿಲ್ಲ. ಅಷ್ಟು ಸುಲಭವಾಗಿ ನಿಮ್ಮನ್ನು ಬಿಡುವುದಿಲ್ಲ.

ಡಿಸೆಂಬರ್ ಆರರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ. ಶರಣಬಸಮ್ಮಕ್ಕನನ್ನೂ ಕರೆದುಕೊಂಡು ಬನ್ನಿ, ಆಕೆಗೂ ಆ ಗಾಯದ ವಿಷಯ ಹೇಳಿ ಕರೆತನ್ನಿ. ಚಿಮಟ, ಗೋಂದು ತನ್ನಿ. ಡಬ್ಬಿ ನನ್ನ ಹತ್ತಿರ ಬೇರೆಯಾಗಿಯೇ ಇದೆ, ನಾನು ಅಂಟಿಸಿಲ್ಲ. ನಿಮ್ಮ ಕೈಯಿಂದ, ಅದು ಇದ್ದ ಜಾಗದಲ್ಲಿ ಇಡಬೇಕು.

ಅದಾದ ಮೇಲೆ ಒಲೆಯ ಮುಂದೆ ಕೂಡಿ. ನಾನು ರೊಟ್ಟಿ ಬಡಿಯುತ್ತೇನೆ. ತಲೆ ಸಿಡಿದರೆ ಸಿಡಿಯಲಿ, ಏಳುವ ಹಾಗಿಲ್ಲ. ಎಷ್ಟು ಹೊತ್ತು ಎಂದು ಕೇಳಬೇಡಿ ಅಂದಿರಿ. ಕೇಳುವುದಿಲ್ಲ. ಬಡಿಯುತ್ತ ಹೋಗುತ್ತೇನೆ. ಅವರ ಕೈ ನಿಂತ ಜಾಗ ಬಂದಾಗ ನೀವು ಸಾಕು ಅನ್ನಬೇಕು.

ಹಿಟ್ಟು ಡಬ್ಬಿಯ ತುಂಬ ಇದೆ.

ಉಮಾ